ಗ್ರಹಣದ ಕೂಸು

ಚೆಂಬೂರಿನ ಆ ಮನೆಯ ಕಿಟಕಿಗಳಿಗೆ ಹಗಲಿನಲ್ಲೂ ಕಂಬಳಿ ಇಳಿಬಿಟ್ಟಿರುತ್ತಿತ್ತು. ಬಿಸಿಲು ತಾಕಿದರೆ ಸುಮಿತ್ರಾಳ ಐದು ವರ್ಷದ ಮಗಳು ಭಾಮಿನಿಯ ಚರ್ಮ ಸುಟ್ಟು ಕಪ್ಪು ಚುಕ್ಕೆ ಏಳುತ್ತಿತ್ತು. ಈಗ ಮೂಗಿನ ಮೇಲೆದ್ದ ಗಂಟು ಕ್ಯಾನ್ಸರ್ ಎಂದು ಗೊತ್ತಾಗಿತ್ತು.

"ಬಸುರಿ ಹೆಂಗಸು ಗ್ರಹಣದ ದಿನ ಮನೇಲಿರು ಅಂದೆ. ಲೋಕಲ್ ರೈಲು ಹತ್ತಿ ಫೋರ್ಟಿಗೆ ಆಫೀಸಿಗೆ ಹೋದೆ ಮಹರಾಯಗಿತ್ತಿ. ಹುಟ್ಟಿತು ನೋಡು, ಗ್ರಹಣದ್ದು!" ನಂಜಮ್ಮ ಅಂದೂ ಸೊಸೆ ಸುಮಿತ್ರಾಳ ಮೇಲೆ ಶುರುಮಾಡಿದರು. "ನಿನ್ನ ತಂಗಿ ಕೋಮಲನ್ನ ನನ್ನ ಚಿಕ್ಕ ಮಗನಿಗೆ ತಂದ್ಕೊಂಡ್ರೆ ಈ ಮನೆಗೊಂದು ನೆಟ್ಟಗಿನ ಮಗು ಆಗುತ್ತೆ."

ಸುಮಿತ್ರಾ ಮದುವೆಯಾಗಿದ್ದುದು ತಾಯಿಯ ಒಡಹುಟ್ಟಿದ ತಮ್ಮನನ್ನು. ಅತ್ತೆಯಾದ ನಂಜಮ್ಮ ಅವಳ ತಾಯಿಯ ತಾಯಿ. ತಪ್ಪು ತನ್ನದೇ ಇರಬಹುದೆಂದು ನಂಬಿ ಅವಳು ಇಷ್ಟು ವರ್ಷ ಎದುರಾಡಿರಲಿಲ್ಲ.

"ಗ್ರಹಣ ಅಲ್ಲ ಅಂದ್ರು ಡಾಕ್ಟರು. ಜಪಾನಿನಲ್ಲೂ ಇಂಥ ಮಕ್ಕಳು ಬಹಳ ಇದಾರಂತೆ. ಅಪ್ಪ ಅಮ್ಮ ಇಬ್ಬರ ರಕ್ತದಲ್ಲೂ ಅದೇ ದೋಷ ಅಡಗಿದ್ರೆ ಮಾತ್ರ ಹೀಗಾಗೋದು, ಅಜ್ಜಿ."

"ನಿಮ್ಮಪ್ಪನ ಮನೇದು!"

"ಅವರ ಮನೇದು ನಿಮ್ಮ ಮಗನಿಗೆ ಹೇಗೆ ಬಂತು? ನಮ್ಮಿಬ್ಬರಿಗೂ ಮೂಲ ಒಂದೇ. ನಿಮ್ಮದೋ, ತಾತನದೋ."

"ಮನೆಹಾಳಿ! ಮುಂದಿನ ತಿಂಗಳೇ ಲಗ್ನ ಮಾಡಿಸ್ತೀನಿ, ನೋಡ್ತಿರು."

"ಟ್ರಂಕ್ ಕಾಲ್ ಮಾಡಿ ನಿಮ್ಮ ಮಗಳಿಗೆ ಎಲ್ಲ ಹೇಳಿದೀನಿ."

"ಅವಳೇನಂದಳು?"

"'ಕೋಮಲನ್ನ ಆ ಮನೆಗೆ ಕೊಡಲ್ಲ ಅಂತ ನಮ್ಮಮ್ಮನಿಗೆ ನೀನೇ ಹೇಳಿಬಿಡು' ಅಂದಳು ಅಮ್ಮ."

"ಅಜ್ಜಿ, ನೀರು," ಎಂದು ಒಳಗಿನ ಕತ್ತಲೆಯಿಂದ ಭಾಮಿನಿ ಕೂಗಿದಳು. ಎಂದಿನಂತೆ 'ಗ್ರಹಣದ್ದು' ಎಂದು ಗೊಣಗಲು ನಂಜಮ್ಮ ಬಾಯಿ ತೆರೆದರು. ಆ ಮಾತನ್ನು ನುಂಗಿ, ಲೋಟಕ್ಕೆ ನೀರು ಬಗ್ಗಿಸಿಕೊಂಡು ಒಳಗೆ ನಡೆದರು.