ಹದಿನೆಂಟು ತುಂಬುವ ಮುನ್ನ

ನಾನು ಮಾಡುವ ಕೆಲಸ ಅಪರಾಧವಲ್ಲ ಎಂದು ವಕೀಲಮ್ಮ ಹೇಳಿದಾಗ ನನಗೆ ನಗು ತಡೆಯಲಾಗಲಿಲ್ಲ. ಹಾಗಾದರೆ ಇಷ್ಟು ವರ್ಷ ಪೊಲೀಸರು ನನ್ನನ್ನು ಜೀಪು ಹತ್ತಿಸಿದ್ದು ಊರು ತೋರಿಸುವುದಕ್ಕೆ ಇರಬೇಕು. ವಕೀಲಮ್ಮ ನಮ್ಮಂಥ ಹೆಂಗಸರ ಸಂಘದ ಕೋಣೆಗೆ ತಿಂಗಳಿಗೊಮ್ಮೆ ಬಂದು, ಬಿಡಿಗಾಸು ಮುಟ್ಟದೆ, ನಮ್ಮ ಕಷ್ಟ ಕೇಳಿ ಹೋಗುವವರು. ನನ್ನ ನಗುವಿಗೆ ಬೇಸರಿಸಿಕೊಳ್ಳದೆ ಬಿಡಿಸಿ ಹೇಳಿದರು. ನಾನೊಬ್ಬಳೇ ನನ್ನ ಪಾಡಿಗೆ ದುಡಿದರೆ ಕಾನೂನಿನ ತಕರಾರಿಲ್ಲ. ಅದಕ್ಕೆ ಜಾಗ ಕೊಟ್ಟವರದು ತಪ್ಪು. ಆ ಸಂಪಾದನೆಯಲ್ಲಿ ಬದುಕುವವರದು ತಪ್ಪು.

"ಬದುಕೋರು ಅಂದ್ರೆ ನಮ್ಮ ಯಜಮಾನಿ ತಾನೆ?" ಎಂದೆ.

"ಅವರೂ ಸರಿ. ನಿಮ್ಮ ಜೊತೆಗಿದ್ದು ನಿಮ್ಮ ದುಡ್ಡಲ್ಲಿ ಉಣ್ಣೋರು ಯಾರಾದ್ರೂ ಸರಿ. ಹದಿನೆಂಟು ತುಂಬಿರಬೇಕು, ಅಷ್ಟೇ."

"ಹೊಟ್ಟೇಲಿ ಹುಟ್ಟಿದ ಮಗಳಾದ್ರೂ?"

ವಕೀಲಮ್ಮ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದರು. "ಮಗಳಾದ್ರೂ" ಎಂದರು.

ನನ್ನ ಮಗಳಿಗೆ ಹದಿನೆಂಟು ತುಂಬಲು ಐದು ತಿಂಗಳಿತ್ತು. ಅವಳು ಆರು ವರ್ಷದ ಕೂಸಾಗಿದ್ದಾಗಿನಿಂದ ಹಾಸ್ಟೆಲಿನಲ್ಲಿದ್ದಳು. ಅದಕ್ಕೂ ಮುಂಚೆ ದುಡ್ಡು ಕೊಟ್ಟು ಬೇರೊಬ್ಬರ ಮನೆಯಲ್ಲಿ ಬಿಟ್ಟಿದ್ದೆ. ಪ್ರತಿ ಸಲ ಬಿಟ್ಟು ಬರುವಾಗ ನಾನು ಹೇಳುತ್ತಿದ್ದುದು ಒಂದೇ ಮಾತು: ನಿನಗೆ ಹದಿನೆಂಟಾಗಲಿ ಮರಿ, ಇಬ್ಬರೂ ಒಂದೇ ಸೂರಿನಡಿ ಇರೋಣ. ಅವಳಿಗೆ ಹೇಳಿ ಹೇಳಿ ನಾನೇ ನಂಬಿಬಿಟ್ಟಿದ್ದೆ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರಲ್ಲ, ಹಾಗೆ ನಾನು ಬೆರಳೆಣಿಸಿ ಕಾದ ಆ ದಿನವೇ ಅವಳು ನನ್ನ ತಟ್ಟೆಯಲ್ಲಿ ಉಣ್ಣುವುದು ಅಪರಾಧವಾಗುವುದಂತೆ.

ನಮ್ಮ ಮನೆ ಟೈರ್ ಅಂಗಡಿಯ ಮೇಲಿನ ಮಹಡಿ. ಉದ್ದನೆಯ ಪಡಸಾಲೆ. ಅದರ ಒಂದು ಬದಿಗೆ ಪ್ಲೈವುಡ್ ನಿಲ್ಲಿಸಿ ಮಾಡಿದ ಕೋಣೆಗಳು, ಇನ್ನೊಂದು ಬದಿಗೆ ಬೀದಿ ಕಾಣುವ ಕಬ್ಬಿಣದ ಕಂಬಿ. ಈ ತುದಿಯ ಕೋಣೆಯಲ್ಲಿ ಸೀನಿದರೆ ಆ ತುದಿಯಲ್ಲಿ ಯಾರಾದರೂ ಬೈಯುತ್ತಾರೆ. ನನ್ನ ಬಾಯಿಯ ಖಾರಕ್ಕೆ ಅಲ್ಲಿ ಎಲ್ಲರೂ ನನ್ನನ್ನು ಮೆಣಸಿನಕಾಯಿ ಎನ್ನುತ್ತಾರೆ. ದುಡಿದದ್ದರಲ್ಲಿ ಅರ್ಧ ಮನೆ ನಡೆಸುವ ಯಜಮಾನಿಗೆ. ಮಿಕ್ಕಿದ್ದರಲ್ಲಿ ಕರೆಂಟು, ನೀರು, ಸಾಬೂನು, ಠಾಣೆಯವರ ಮಾಮೂಲು. ವಯಸ್ಸು ಮೂವತ್ತೈದು ದಾಟಿತೆಂದರೆ ನಮ್ಮ ಬೆಲೆ ಸಂಜೆಯ ತರಕಾರಿಯಂತೆ ಇಳಿಯುತ್ತದೆ. ಈಗೀಗ ಬಂದ ಹೆಂಗಸರು ಫೋನಿನಲ್ಲೇ ಗಿರಾಕಿ ಹಿಡಿದು ಲಾಡ್ಜಿಗೆ ಹೋಗುತ್ತಾರೆ. ಮೆಟ್ಟಿಲು ಹತ್ತಿ ನಮ್ಮಲ್ಲಿಗೆ ಬರುವವರು ಹಳಬರು, ಕುಡುಕರು, ಇಲ್ಲವೇ ಫೋನು ಹೆಂಡತಿಯ ಕೈಯಲ್ಲಿರುವವರು.

ಸಮಯ ಮುಗಿದರೆ ಯಜಮಾನಿ ಉಂಗುರದ ಬೆರಳಿನಿಂದ ಬಾಗಿಲಿಗೆ ಎರಡು ಸಲ ಕುಟ್ಟುತ್ತಾಳೆ. ನಾವು "ಟೈಮಾಯ್ತು, ಏಳಿ" ಎನ್ನುತ್ತೇವೆ. ಹಾಡು ಹೇಳಿದವನಿಗೂ ಅದೇ, ಅತ್ತವನಿಗೂ ಅದೇ, ಮದುವೆಯಾಗುತ್ತೇನೆಂದು ಆಣೆ ಇಟ್ಟವನಿಗೂ ಅದೇ. ಬಹುವಚನ ಹಚ್ಚಿ ಎಬ್ಬಿಸಿದರೆ ಗಲಾಟೆ ಕಡಿಮೆ ಎಂದು ಬಂದ ಹೊಸದರಲ್ಲೇ ಯಜಮಾನಿ ಕಲಿಸಿದ್ದಳು. ವರ್ಷಗಳು ಕಳೆದ ಮೇಲೆ ಆ ಸದ್ದು ಕಿವಿಗೆ ಕೇಳಿಸುವುದೂ ಇಲ್ಲ, ಬಾಯಿ ತಾನಾಗಿ ಆಡುತ್ತದೆ.

ಮಗಳ ಪಾಲಿಗೆ ನಾನು ಆಸ್ಪತ್ರೆಯ ಆಯಾ. ಸುಳ್ಳಿಗೂ ಒಂದು ಹದ ಬೇಕು. ಅವಳನ್ನು ನೋಡಲು ಹೋಗುವ ಭಾನುವಾರ ಅಂಗೈಗೆ ಒಂದಿಷ್ಟು ಫಿನಾಯಿಲ್ ಹಚ್ಚಿಕೊಂಡು ಹೊರಡುತ್ತಿದ್ದೆ. ಅವಳು ನನ್ನ ಎರಡೂ ಕೈ ಹಿಡಿದು ಮೂಸಿ "ಅಮ್ಮನ ವಾಸನೆ" ಎನ್ನುತ್ತಿದ್ದಳು. ಆದರೂ ಅಲ್ಲಿ ಹೆಚ್ಚು ಹೊತ್ತು ಕೂರುತ್ತಿರಲಿಲ್ಲ. ಒಮ್ಮೆ ಗೇಟಿನ ಹತ್ತಿರ, ತನ್ನ ಮಗಳನ್ನು ನೋಡಲು ಬಂದಿದ್ದ ಗೃಹಸ್ಥನೊಬ್ಬ ಎದುರಾದ. ಅವನನ್ನು ನಾನು ಬಲ್ಲೆ, ನನ್ನನ್ನು ಅವನು ಬಲ್ಲ. ಇಬ್ಬರೂ ತಕ್ಷಣ ನೋಟಿಸ್ ಬೋರ್ಡಿನ ಕಡೆ ತಿರುಗಿ, ಪರೀಕ್ಷೆಗೆ ಕೂತ ಮಕ್ಕಳ ಹಾಗೆ ಅದನ್ನು ಓದಿದೆವು. ಆಮೇಲಂತೂ ನಾನು ಹಾಸ್ಟೆಲಿನಲ್ಲಿ ಬೆಂಚು ಬಿಸಿಯಾಗುವ ಮೊದಲೇ ಏಳುತ್ತಿದ್ದೆ.

ವಕೀಲಮ್ಮನ ಮಾತು ಕೇಳಿ ಬಂದ ದಿನವೇ, ಕೆಲಸ ಬಿಡುತ್ತೇನೆಂದು ಯಜಮಾನಿಗೆ ಹೇಳಿದೆ.

"ಬಿಟ್ಟು ಎಲ್ಲಿಗ್ ಹೋಗ್ತೀಯೆ ಮೆಣಸಿನಕಾಯಿ? ಹೊರಗಡೆ ನಿನಗೇನು ಆರತಿ ಹಿಡ್ಕೊಂಡು ನಿಂತಿದಾರಾ?"

"ನನಗೆ ಆರತಿ ಬೇಡ ಅಕ್ಕ. ಒಂದು ರೂಮ್ ಸಾಕು. ಮಗಳ ಜೊತೆ ಇರ್ಬೇಕು."

ಅವಳು ಟೀ ಲೋಟದೊಳಗೆ ನೋಡತೊಡಗಿದಳು. ಅವಳ ಬಾಯಿ ಮುಚ್ಚಿಸಿದೆನಲ್ಲ ಎಂದು ನಾನು ಬೀಗಿದೆ.

ಬಾಡಿಗೆ ಮನೆ ಹುಡುಕುವುದು ಎಂಥ ಕೆಲಸವೆಂದು ಆಮೇಲೆ ಗೊತ್ತಾಯಿತು. ಹೋದಲ್ಲೆಲ್ಲ ಮೊದಲ ಪ್ರಶ್ನೆ, ಗಂಡ ಏನು ಮಾಡುತ್ತಾರೆ? ಇಲ್ಲದ ಗಂಡನನ್ನು ಮೂರು ಮನೆಗಳ ಮುಂದೆ ಮೂರು ಬೇರೆ ಬೇರೆ ರೋಗದಿಂದ ಸಾಯಿಸಿದೆ. ಮೂರನೆಯ ಸಾವಿಗೆ ಓನರ್ ಆಂಟಿಯೊಬ್ಬಳು ಕರಗಿ ಒಂದು ಕೋಣೆ ಕೊಟ್ಟಳು. ಚಿಕ್ಕ ಅಡುಗೆಕಟ್ಟೆ, ಹಿತ್ತಲಿಗೊಂದು ಕಿಟಕಿ, ನೀರಿಗೆ ಸಾವಿರ ಷರತ್ತು. ಅಷ್ಟು ಹೊತ್ತಿಗೆ ಒಂದು ನಿಜವಾದ ಆಸ್ಪತ್ರೆಯಲ್ಲಿ ನೆಲ ಒರೆಸುವ ಕೆಲಸವನ್ನೂ ವಿಚಾರಿಸಿಕೊಂಡು ಬಂದಿದ್ದೆ. ಆ ಸಂಬಳ ಬಾಡಿಗೆ ಕಟ್ಟಿದರೆ ಹೊಟ್ಟೆಗಿಲ್ಲ, ಹೊಟ್ಟೆಗೆ ಹಾಕಿದರೆ ಮಗಳ ಫೀಸಿಗಿಲ್ಲ. ಅದಕ್ಕೇ ಲೆಕ್ಕ ಹಾಕಿದೆ, ಅವಳಿಗೆ ಹದಿನೆಂಟು ತುಂಬುವವರೆಗೆ ಮಹಡಿಯಲ್ಲೇ ದುಡಿದು ಒಂದಿಷ್ಟು ಕೂಡಿಡುವುದು, ಆಮೇಲೆ ಪೊರಕೆ ಹಿಡಿಯುವುದು. ಸದ್ಯಕ್ಕೆ ಹಾಸ್ಟೆಲಿನ ರಜೆಗೆ ಮಗಳನ್ನು ಆ ಕೋಣೆಗೆ ಕರೆತರುವುದು. ಯಜಮಾನಿ ಮುಖ ಗಂಟಿಕ್ಕಿಕೊಂಡೇ ರಜೆ ಕೊಟ್ಟಳು.

ಮಗಳು ಬಂದಳು. ನನಗಿಂತ ಎತ್ತರವಾಗಿದ್ದಳು. ಅಷ್ಟು ಎತ್ತರ ಯಾವಾಗ ಆದಳೋ, ಬೆಂಚಿನ ಮೇಲೆ ಕೂತವಳನ್ನಷ್ಟೇ ನೋಡುತ್ತಿದ್ದ ನನಗೆ ತಿಳಿದಿರಲಿಲ್ಲ. ಅವಳು ಮಲಗುವಾಗ ಎಡ ಮಗ್ಗುಲಾಗುತ್ತಾಳೆ, ಬಿಸಿ ನೀರಿಗೆ ಹೆದರುತ್ತಾಳೆ, ಹಲ್ಲುಜ್ಜುತ್ತಾ ಹಾಡುತ್ತಾಳೆ. ಹೆತ್ತ ತಾಯಿಯಾದ ನಾನು ಇದನ್ನೆಲ್ಲ ನೆಂಟರ ಮನೆಗೆ ಬಂದವಳ ಹಾಗೆ ಹೊಸದಾಗಿ ಕಲಿತೆ. ಮೊದಲ ರಾತ್ರಿ ಅವಳ ಉಸಿರು ಕೇಳುತ್ತ ಬಿದ್ದುಕೊಂಡಿದ್ದೆ. ಜೀವನದಲ್ಲಿ ಇನ್ನೇನೂ ಬೇಡ ಎನ್ನಿಸಿತು.

ಒಂದು ಮಧ್ಯಾಹ್ನ ಊಟವಾದ ಮೇಲೆ ಅವಳು ನನ್ನ ತೊಡೆಯ ಮೇಲೆ ತಲೆಯಿಟ್ಟು ಮಲಗಿದಳು. ನಾನು ಅವಳ ಕೂದಲ ಸಿಕ್ಕು ಬಿಡಿಸುತ್ತಿದ್ದೆ. ಅವಳು ಗೆಳತಿಯರ ಕಥೆ ಹೇಳುತ್ತ ಹೇಳುತ್ತ ಮಾತು ನಿಲ್ಲಿಸಿ ಕಣ್ಣು ಮುಚ್ಚಿದಳು. ನನಗೂ ಜೊಂಪು ಹತ್ತಿತು. ಆಗ ಬಾಗಿಲಿಗೆ ಯಾರೋ ಎರಡು ಸಲ ಕುಟ್ಟಿದರು. ನಲ್ಲಿ ನೀರು ನಿಲ್ಲಿಸುತ್ತೇನೆಂದು ಹೇಳಲು ಓನರ್ ಆಂಟಿ ಬಂದಿದ್ದಳು, ಅಷ್ಟೇ. ನನ್ನ ಕೈ ಮಗಳ ಕೂದಲಿನಿಂದ ಸರಕ್ಕನೆ ಹಿಂದಕ್ಕೆ ಬಂತು. ಬೆನ್ನು ನೆಟ್ಟಗಾಯಿತು. ಕಣ್ಣು ಸರಿಯಾಗಿ ಬಿಡುವ ಮೊದಲೇ ಬಾಯಿ ಆಡಿತು.

"ಟೈಮಾಯ್ತು. ಏಳಿ, ಹೊರಡಿ."

ಮಗಳು ಎದ್ದು ಕೂತಳು. ಆಂಟಿಗೆ ಉತ್ತರ ಕೊಟ್ಟು ಬಾಗಿಲು ಹಾಕಿದವಳು ಅವಳೇ.

"ಯಾರಿಗಮ್ಮ ಹಂಗಂದಿದ್ದು? ಏಳಿ, ಹೊರಡಿ ಅಂತ?"

ಸುಳ್ಳು ನನ್ನ ನಾಲಗೆಯ ತುದಿಯಲ್ಲೇ ಇತ್ತು, ಹುಡುಕಬೇಕಾಗಿರಲಿಲ್ಲ. "ಆಸ್ಪತ್ರೆ ಅಭ್ಯಾಸ ಮರಿ. ರೋಗಿ ನೋಡೋಕೆ ಬಂದೋರನ್ನ ಟೈಮಾದ್ಮೇಲೆ ಕಳಿಸ್ಬೇಕಲ್ಲ, ಅವರಿಗೆ ಹೇಳೋದು."

ಅವಳು ನಕ್ಕಳು. ನಾನೂ ನಕ್ಕೆ. ಬದುಕಿದೆಯಾ ಬಡಜೀವವೇ ಎಂದುಕೊಂಡೆ. ಆದರೆ ಅವಳ ನಗು ಅರ್ಧಕ್ಕೇ ನಿಂತಿತು.

"ಹಂಗಾದ್ರೆ ನಾನೂ ನೋಡೋಕೆ ಬಂದೋಳೇ ಅಲ್ವಾ? ಹಾಸ್ಟೆಲ್ಲಲ್ಲೂ ಹಂಗೇ ಮಾಡ್ತಿದ್ದೆ ನೀನು. ನಾನು ಬಂದು ಕೂರೋಷ್ಟರಲ್ಲಿ ನಿನಗೆ ಹೊರಡೋ ಟೈಮ್ ಆಗಿರೋದು. ಉಳಿದ ಅಮ್ಮಂದಿರೆಲ್ಲ ಬೆಲ್ ಹೊಡೆಯೋ ತನಕ ಇರೋರು. ನಿಜ ಹೇಳಮ್ಮ, ನಾನು ಜೊತೇಲಿರೋದು ನಿನಗೆ ಬೇಡ್ವಾ?"

ಬೇಡವೇ ಎಂದು ಕೇಳಿಬಿಟ್ಟಳು. ಹೆತ್ತ ಮಗುವನ್ನು ಅಪ್ಪಿಕೊಂಡು ಮಲಗುವ ವಯಸ್ಸಿನಲ್ಲಿ ದಿಂಬನ್ನು ಅಪ್ಪಿಕೊಂಡು ಮಲಗಿದವಳನ್ನು ಕೇಳಿದಳು. ನನಗೆ ಸಿಟ್ಟು ಬಂತು, ಅವಳ ಮೇಲಲ್ಲ. ಅವಳು ನನ್ನನ್ನು ಏನೆಂದರೂ ತಡೆದುಕೊಂಡೇನು, ತಾನು ಬೇಡದವಳು ಎಂದುಕೊಂಡು ಹೋಗುವುದನ್ನು ಮಾತ್ರ ತಾಳಲಾರೆ ಎನ್ನಿಸಿತು. ಹೇಳಿಬಿಟ್ಟೆ.

"ನಾನು ಆಸ್ಪತ್ರೇಲಿಲ್ಲ ಮರಿ. ಬಸ್ ಸ್ಟ್ಯಾಂಡ್ ಹಿಂದೆ, ಟೈರ್ ಅಂಗಡಿ ಮೇಲೆ ಗಂಡಸರು ದುಡ್ಡು ಕೊಟ್ಟು ಬರೋ ಮನೆ ಇದೆ. ಅಲ್ಲಿರೋದು ನಾನು. ನೀನು ಹುಟ್ಟೋಕೆ ಮುಂಚಿಂದಾನೂ."

ಅವಳು ಗೋಡೆಯನ್ನು ನೋಡುತ್ತಿದ್ದಳು. ನಾನು ನಿಲ್ಲಿಸಲಿಲ್ಲ. ನಿಲ್ಲಿಸಿದರೆ ಮತ್ತೆ ಬಾಯಿ ಬರುವುದಿಲ್ಲವೆಂದು ಗೊತ್ತಿತ್ತು. ವಕೀಲಮ್ಮ ಹೇಳಿದ್ದನ್ನೂ ಹೇಳಿದೆ. ಹದಿನೆಂಟು ತುಂಬಿದ ಮೇಲೆ ನನ್ನ ದುಡ್ಡಲ್ಲಿ ಉಂಡರೆ ಅವಳ ಮೇಲೂ ಕೇಸು ಎಂದೆ. ಅಷ್ಟರೊಳಗೆ ಬಿಟ್ಟುಬಿಡುತ್ತೇನೆ ಎಂದೆ.

"ನನ್ನ ಫೀಸು?" ಎಂದು ಕೇಳಿದಳು.

"ಅದ್ರಲ್ಲೇ."

"ಈ ಬಟ್ಟೆ?"

"ಅದ್ರಲ್ಲೇ ಮರಿ. ಎಲ್ಲಾನೂ."

ಅವಳು ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡು ನಲ್ಲಿ ತಿರುಗಿಸಿದಳು. ನೀರು ನಿಂತಿತ್ತು, ಗಾಳಿ ಮಾತ್ರ ಬುಸುಗುಟ್ಟಿತು. ಅಳು ಮುಚ್ಚಿಕೊಳ್ಳಲು ಅವಳಿಗೆ ನೀರಿನ ಸದ್ದೂ ಸಿಗಲಿಲ್ಲ. ನಾನು ಈಚೆ ಬಾಗಿಲಿಗೆ ಹಣೆ ಹಚ್ಚಿ ನಿಂತೆ.

ಮರುದಿನ ಬೆಳಿಗ್ಗೆ ಬಟ್ಟೆಯೆಲ್ಲ ಟ್ರಂಕಿಗೆ ತುಂಬಿಕೊಂಡು, ರಜೆ ಮುಗಿಯುವ ಮೊದಲೇ ಹಾಸ್ಟೆಲಿಗೆ ಹೊರಟುಹೋದಳು. ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಒಂದು ಸಮಾಧಾನವಾದರೂ ಇರುತ್ತಿತ್ತು, ನಾನೂ ನಾಲ್ಕು ಮಾತು ಬೈದು, ಆಮೇಲೆ ಇಬ್ಬರೂ ಅತ್ತು ಹಗುರಾಗುತ್ತಿದ್ದೆವು. ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು ಮುಂದಕ್ಕೇ ನೋಡಿದಳು.

ನಾನು ಮಹಡಿಗೆ ವಾಪಸಾದೆ. ಹಿಂಗಾಗುತ್ತೆ ಅಂತ ಹೇಳಿರಲಿಲ್ವಾ ಎಂದು ಯಜಮಾನಿ ಕುಟುಕುವಳೆಂದು ಬಾಯಿ ಸಾಣೆ ಹಿಡಿದುಕೊಂಡೇ ಮೆಟ್ಟಿಲು ಹತ್ತಿದ್ದೆ. ಅವಳು ನನ್ನ ಮುಖ ನೋಡಿ, ಏನೂ ಕೇಳದೆ ಟೀ ಲೋಟ ಕೈಗಿಟ್ಟಳು.

ಫೋನು ಮಾಡಿದರೆ ಮಗಳು ಎತ್ತುತ್ತಿರಲಿಲ್ಲ. ವಾರ್ಡನ್‌ಗೆ ಮಾಡಿದರೆ ಚೆನ್ನಾಗಿದ್ದಾಳೆ ಎನ್ನುತ್ತಿದ್ದರು. ಚೆನ್ನಾಗಿರುವುದೆಂದರೆ ಏನು ಎಂದು ಅವರನ್ನು ಹೇಗೆ ಕೇಳಲಿ? ಊಟ ಮಾಡುತ್ತಾಳಾ, ಹಲ್ಲುಜ್ಜುವಾಗ ಹಾಡುತ್ತಾಳಾ? ತೊಡೆಯ ಮೇಲೆ ಅವಳ ತಲೆಯ ಭಾರ ಇನ್ನೂ ಇದೆ ಎನ್ನಿಸುತ್ತಿತ್ತು. ಕಾಲು ಅಲ್ಲಾಡಿಸಿದರೆ ಎಚ್ಚರವಾದಾಳೆಂಬಂತೆ ಎಷ್ಟೋ ಹೊತ್ತು ಹಾಗೇ ಕೂತಿರುತ್ತಿದ್ದೆ. ಮಗಳೇ, ಬಂದು ಬೈದು ಹೋಗು, ಹೊಡೆದಾದರೂ ಹೋಗು ಎಂದು ಮನಸ್ಸಿನಲ್ಲೇ ಕರೆಯುತ್ತಿದ್ದೆ. ಕೋಣೆಯ ಬಾಡಿಗೆ ಕಟ್ಟುತ್ತಲೇ ಇದ್ದೆ. ಬಿಟ್ಟುಬಿಡು ಎಂದು ಎಲ್ಲರೂ ಹೇಳಿದರು. ಯಾರ ಮಾತೂ ಕೇಳಲಿಲ್ಲ.

ಭಾನುವಾರ ಬೆಳಿಗ್ಗೆ ನಮ್ಮಲ್ಲಿ ಗಿರಾಕಿಗಳಿಲ್ಲ. ಅಂಥ ಒಂದು ಭಾನುವಾರ ಒಬ್ಬಳು ಬೆಡ್‌ಶೀಟು ಹಿಂಡುತ್ತಿದ್ದಳು, ಒಬ್ಬಳು ಉಗುರಿಗೆ ಬಣ್ಣ ಹಚ್ಚುತ್ತಿದ್ದಳು, ಅಡುಗೆಯವಳು ಈರುಳ್ಳಿ ಹೆಚ್ಚುತ್ತಿದ್ದಳು. ಯಜಮಾನಿ ಮಂಡಿಗೆ ಎಣ್ಣೆ ತಿಕ್ಕಿಕೊಳ್ಳುತ್ತಾ, ಈ ಮೆಟ್ಟಿಲು ಕಟ್ಟಿದ ಮೇಸ್ತ್ರಿಯ ಏಳು ತಲೆಮಾರಿಗೆ ಶಾಪ ಹಾಕುತ್ತಿದ್ದಳು. ನಾನು ತಲೆಗೆ ನೀರು ಹಾಕಿಕೊಂಡು ಬಂದು ಕೂದಲು ಒರೆಸುತ್ತಿದ್ದೆ.

ಕೆಳಗೆ ಬೀದಿಯಿಂದ ಒಂದು ಧ್ವನಿ ಬಂತು.

"ಅಮ್ಮಾ!"

ಈರುಳ್ಳಿಯ ಚಾಕು ಠಣ್ಣನೆ ಬಿತ್ತು. ಬೆಡ್‌ಶೀಟು ಬಕೆಟ್ಟಿಗೆ ಬಿತ್ತು. ಉಗುರಿನವಳು ಬಣ್ಣದ ಶೀಶೆ ಉರುಳಿಸಿಕೊಂಡು ಓಡಿದಳು. ಎಲ್ಲರೂ ಕಂಬಿಗೆ ಹೋಗಿ ಮುಗಿಬಿದ್ದರು. ಅಜ್ಜಿಯ ಹತ್ತಿರ ಮಗ ಬಿಟ್ಟವಳು, ಯಾರಿಗೋ ದತ್ತು ಕೊಟ್ಟವಳು, ತನಗೆ ಮಕ್ಕಳೇ ಇಲ್ಲವೆಂದು ನಮ್ಮ ಮುಂದೆ ಆಣೆ ಇಟ್ಟಿದ್ದವಳು ಕೂಡ. ಎಲ್ಲರಿಗಿಂತ ಮುಂದೆ, ಎಣ್ಣೆಗೈಯಲ್ಲಿ ಕಂಬಿ ಹಿಡಿದು ಬಗ್ಗಿದವಳು ಯಜಮಾನಿ. ಅವಳ ಆ ಮಂಡಿ ಅಷ್ಟು ಬೇಗ ಹೇಗೆ ಎದ್ದಿತೋ. ಅವಳಿಗೂ ಎಲ್ಲೋ ಒಂದು ಮಗು ಇದೆಯೆಂದು ನನಗೆ ಅವತ್ತೇ ಗೊತ್ತಾಗಿದ್ದು.

ನಾನೊಬ್ಬಳು ಕೂತೇ ಇದ್ದೆ. ಬೇರೆ ಯಾರದೋ ಮಗು ಇರಬೇಕು ಅಂದುಕೊಂಡೆ.

ಅವರು ಒಬ್ಬೊಬ್ಬರಾಗಿ ನನ್ನ ಕಡೆ ತಿರುಗಿದರು. ಯಜಮಾನಿ ತಿರುಗಲಿಲ್ಲ.

"ನಿನ್ನದು ಕಣೇ," ಎಂದಳು. "ನಿನ್ನ ಮಗಳು. ಎದ್ದು ಬಾ."

ನಾನು ಹೋಗಿ ಬಗ್ಗಿ ನೋಡಿದೆ. ಟೈರ್ ಅಂಗಡಿಯ ಮುಂದೆ, ಬೀದಿಯವರೆಲ್ಲ ನೋಡುತ್ತಿರುವಂತೆ, ಕಾಲ ಬಳಿ ಟ್ರಂಕ್ ಇಟ್ಟುಕೊಂಡು ನನ್ನ ಮಗಳು ನಿಂತಿದ್ದಳು. ನನ್ನ ಬಾಯಿಗೆ ಬಂದದ್ದು ಬೈಗುಳವೇ.

"ಇಲ್ಲಿಗ್ಯಾಕೆ ಬಂದೆ? ಬುದ್ಧಿ ನೆಟ್ಟಗಿದೆಯಾ ನಿನಗೆ? ಯಾರಾದ್ರೂ ನೋಡಿದ್ರೆ?"

"ನೋಡ್ಲಿ."

"ನಿನಗೆ ಹದಿನೆಂಟು ತುಂಬಿದ್ರೆ ಕೇಸ್ ಹಾಕ್ತಾರೆ ಅಂತ ಬಾಯಿ ಬಡ್ಕೊಂಡಿಲ್ವೇನೆ ನಾನು!"

ಇಡೀ ಬೀದಿ ಕೇಳಿಸಿಕೊಂಡಿತು. ಅವಳು ಬಿಸಿಲಿಗೆ ಕೈ ಅಡ್ಡ ಹಿಡಿದು ಮೇಲೆ ನೋಡಿದಳು. ಅತ್ತು ಅತ್ತು ಮುಖ ಊದಿತ್ತು.

"ಇನ್ನೂ ಮೂರು ತಿಂಗಳಿದೆಯಲ್ಲಮ್ಮ. ಅಲ್ಲೀತನಕ ಆದ್ರೂ ಆ ರೂಮಲ್ಲಿ ನಿನ್ನ ಜೊತೆ ಇರ್ತೀನಿ. ಇಳಿದು ಬಾ, ಟ್ರಂಕ್ ಭಾರ ಇದೆ."

ಒದ್ದೆ ಕೂದಲಲ್ಲಿ, ನೈಟಿಯಲ್ಲೇ, ಬರಿಗಾಲಲ್ಲಿ ಮೆಟ್ಟಿಲಿಳಿದು ಓಡಿದೆ. ಮೇಲೆ ಕಂಬಿ ಹಿಡಿದು ನಿಂತವರು ಯಾರೂ ಒಳಗೆ ಹೋಗಲಿಲ್ಲ.