ಕುಂತವರ ಜಾಗಾ

ಜೋತುಬಿದ್ದ ಗದ್ದವನ್ನು ಮೇಲೆತ್ತಿ, ಗುಂಡಮ್ಮ ತನ್ನ ಅತ್ತೆ ಸಾಬಮ್ಮನ ತಲೆಗೆ ಅರಿವೆ ಸುತ್ತಿ ಬಿಗಿದಳು. ಗಂಟು ಕಾಣದಂತೆ ಸೆರಗು ಹೊದಿಸಿದಳು. ಸಾಬಮ್ಮ ನಿನ್ನೆಯಿಂದ ಗೋಡೆಗೆ ಒರಗಿ ಕೂತೇ ಇದ್ದಳು. ಅವರಲ್ಲಿ ಸತ್ತವರನ್ನು ಮಲಗಿಸುವುದಿಲ್ಲ. ಕೂರಿಸಿಯೇ ಹೊರುತ್ತಾರೆ, ಕೂರಿಸಿಯೇ ಹೂಳುತ್ತಾರೆ.

"ಲಗೂ ಮಾಡವ್ವ. ಬಿಸಲೇರೂದ್ರಾಗ ಊರ ಬಿಡಬೇಕು," ಎಂದ ಕಲ್ಯಾಣಪ್ಪ. ಅಕ್ಕನನ್ನು ತವರಿನ ಮಣ್ಣಿಗೆ ಒಯ್ಯಲು ಕಮಲಾಪುರದಿಂದ ರಾತ್ರಿಯಿಡೀ ಬಂಡಿ ಹೊಡೆದುಕೊಂಡು ಬಂದಿದ್ದ.

"ಮಾವಾ, ಗಂಜಿನ ಕಡಿಂದ ಹೋಗೂನು. ಒಂದೀಟು ಆಕೀನ ಜಾಗಾದಾಗ ಇಳಸೂನು."

"ಯಾಕ?"

"ಇವತ್ತ ಸುಣ್ಣಾ ಹಾಕ್ತಾರ."

ರಜಾಕಾರರ ಗಲಾಟೆ ಅಡಗಿ ಊರಿಗೆ ಹೊಸ ಅಧಿಕಾರಿ ಬಂದಿದ್ದರು. ಗಂಜ್ ಪೇಟೆಯ ಬಾಗಿಲಲ್ಲಿ ಮುತ್ತಿಕೊಂಡು ಕೂರುವ ವ್ಯಾಪಾರದವರಿಗೆ ಚೌಕ ಹಾಕಿ ಜಾಗ ಗೊತ್ತುಮಾಡುವುದಾಗಿ ಡಂಗುರ ಹೊಡೆಸಿದ್ದರು. ಹಳಬರು ತಾವೇ ಕೂತಿರಬೇಕು; ಕೂತವರ ಸುತ್ತ ಸುಣ್ಣದ ಗೆರೆ. ಗೆರೆ ಬಿದ್ದ ಮೇಲೆ ಮನೆಯವರು ಯಾರು ಕೂತರೂ ನಡೆದೀತು, ಆದರೆ ಸಂಜೆ ಮತ್ತೆ ಬಂದು ನೋಡಿದಾಗ ಚೌಕ ಬರಿದಾಗಿದ್ದರೆ ಅದು ಬೇರೆಯವರಿಗೆ. ಬುಟ್ಟಿ ಹೊತ್ತು ತಿರುಗಿ ಮಾರುವವರಿಗೆ ಏನೂ ಇಲ್ಲ. ಅಲ್ಲಿ ಕೂತು ಹಣ್ಣು ಮಾರುತ್ತಿದ್ದವಳು ಸಾಬಮ್ಮ; ಗುಂಡಮ್ಮ ತಿರುಗಿ ಮಾರುವವಳು.

ಕಲ್ಯಾಣಪ್ಪ ಬೈಯಲು ಬಾಯಿ ತೆರೆದವನು ಹಾಗೇ ನಿಂತ. ಅವನ ತೋಟದ ಕೆಂಪು ಬಾಳೆಹಣ್ಣು ಖರ್ಚಾಗುತ್ತಿದ್ದುದು ಅದೇ ಜಾಗದಲ್ಲಿ.

"ಹಂಗಾರ ಹೊಸ ಸೀರಿ ಬ್ಯಾಡ," ಎಂದ. "ದಿನಾ ಉಡೂದ ಉಡಸು."

*

ಸಾಬಮ್ಮ ತನ್ನ ಗೋಣಿತಟ್ಟನ್ನು ಯಾರಿಗೂ ಬಿಟ್ಟವಳಲ್ಲ. ಗಲಾಟೆಯಲ್ಲಿ ಗಂಜ್ ಬಾಗಿಲು ಹಾಕಿದ ದಿನವೂ ಅಲ್ಲೇ ಕೂತಿದ್ದಳು. ಅವಳನ್ನು ಮನೆಗೆ ಕರೆತರಲು ಹೋದ ಮಗ ತಿರುಗಿ ಬರಲಿಲ್ಲ. ಆಗ ಗುಂಡಮ್ಮ ಬಸುರಿ. ಬಾತ ಕಾಲೆಳೆಯುತ್ತ ಬಂದು ತಟ್ಟಿನ ಅಂಚಿಗೆ ಕೂರಲು ಬಗ್ಗಿದಾಗ ಸಾಬಮ್ಮ ಬಾಳೆಗೊನೆಯ ದಿಂಡಿನಿಂದ ಮೊಣಕಾಲಿಗೆ ಹೊಡೆದಳು.

"ಏಳ. ಕುಂತ್ರ ರುಚಿ ಹತ್ತತದ. ಬುಟ್ಟಿ ತುಂಬ್ಕೊಂಡು ನಡಿ."

ಆ ಕೂಸು ಉಳಿಯಲಿಲ್ಲ.

*

ಗಂಜಿನ ಕಲ್ಲುಗೋಡೆಗೆ ಸಾಬಮ್ಮನನ್ನು ಒರಗಿಸಿ, ಮುಂದೆ ಹಣ್ಣಿನ ಬುಟ್ಟಿ ಇಟ್ಟರು. ಗುಂಡಮ್ಮ ಪಕ್ಕದಲ್ಲಿ ನಿಂತು, ಹೆಣ ವಾಲದಂತೆ ತೊಡೆ ಆನಿಸಿದಳು. ಪಕ್ಕದ ಜಾಗದ ತುಳಜಾಬಾಯಿ ಮೆಣಸಿನಕಾಯಿ ರಾಶಿಯ ಹಿಂದಿನಿಂದ ಬಗ್ಗಿ ನೋಡಿದಳು.

"ಏನ ಸಾಬವ್ವ, ಇವತ್ತ ಬೈಗುಳಾನಽ ಇಲ್ಲಲ್ಲ!" ಎಂದು ನಕ್ಕಳು. ಆಮೇಲೆ ದನಿ ತಗ್ಗಿಸಿ, "ನೊಣಾ ಹೊಡಿ ತಂಗಿ, ಕಣ್ಣಾಗ ಕುಂತದ," ಎಂದಳು.

ಗುಂಡಮ್ಮ ಸೆರಗಿನಿಂದ ನೊಣ ಓಡಿಸಿದಳು.

"ನಾ ಬಾಯಿ ಬಿಟ್ಟೆ ಅಂದ್ರ ಏನ್ ಮಾಡ್ತಿ? ಗ್ವಾಡಿ ಕಡೀದ ಅರ್ಧ ನನಗ ಬಿಡು."

"ನೆರಳಿರೂದು ಅದಽ ಅರ್ಧಕ್ಕ, ಯಕ್ಕಾ."

"ಅದಕ್ಕಽ ಕೇಳಾಕತ್ತೀನಿ."

ಅಧಿಕಾರಿ ಹತ್ತಿರ ಬರುತ್ತಿದ್ದರು. ಹಿಂದೆ ಜವಾನ ಸುಣ್ಣದ ಬಕೀಟು ಹಿಡಿದಿದ್ದ. ಗುಂಡಮ್ಮ ಹೂಂ ಎಂದು ತಲೆ ಆಡಿಸಿದಳು.

"ಈ ಅಜ್ಜಿ ಹೆಸರೇನು?"

"ಸಾಬಮ್ಮ ರೀ. ಕಿವಿ ಕೇಳೂದಿಲ್ರೀ ಆಕೀಗಿ."

"ನಿದ್ದೆ ಮಾಡ್ತಿದಾಳಾ?"

"ಜಾಗಾ ಹೋಗ್ತದಂತ ರಾತ್ರಿ ಕಣ್ಣ ಮುಚ್ಚಿಲ್ರೀ ಸಾಹೇಬ್ರ," ಎಂದಳು ತುಳಜಾಬಾಯಿ. ಸಾಲಿನವರೆಲ್ಲ ಬಾಯಿಗೆ ಸೆರಗು ಒತ್ತಿ ನಕ್ಕರು.

ಅಧಿಕಾರಿಯೂ ನಕ್ಕರು. "ಹೆದರಬೇಡ ಅಜ್ಜಿ. ಇನ್ನು ನಿನ್ನನ್ನ ಯಾರೂ ಎಬ್ಬಿಸೋದಿಲ್ಲ."

ಸಾಬಮ್ಮನ ಸುತ್ತ ಸುಣ್ಣ ಬಿತ್ತು.

ಅವರು ಮುಂದೆ ಸರಿದ ಮೇಲೆ ಹೆಣವನ್ನು ಬಂಡಿಗೆ ಏರಿಸಿದರು. ಅಷ್ಟರಲ್ಲಿ ತುಳಜಾಬಾಯಿಯ ಬುಟ್ಟಿ ಗೋಡೆಯ ಕಡೆಯ ಅರ್ಧದಲ್ಲಿತ್ತು. ಗುಂಡಮ್ಮ ಉಳಿದ ಅರ್ಧದಲ್ಲಿ ಕಾಲು ಅಗಲಿಸಿ ಕೂತಳು.

"ಏ, ಬಾ," ಕಲ್ಯಾಣಪ್ಪ ಕರೆದ. "ಮಗನೂ ಇಲ್ಲ. ಸೊಸೀನೂ ಬರ್ಲಿಲ್ಲಂದ್ರ ಮಣ್ಣ ಯಾರ ಹಾಕೋರು?"

"ನೀವಽ ಹಾಕ್ರಿ."

"ಊರಾಗ ಏನ್ ಹೇಳ್ಲಿ?"

"ಕುಂತಾಳ ಅಂತ ಹೇಳ್ರಿ."

"ಹೋಗಿ ಬಾ ತಂಗಿ, ನಾ ನೋಡ್ಕೋತೀನಿ," ಎನ್ನುತ್ತ ತುಳಜಾಬಾಯಿ ಕಾಲಿನಿಂದ ಬುಟ್ಟಿಯನ್ನು ಇನ್ನೊಂದು ಗೇಣು ಈಚೆ ನೂಕಿದಳು.

ಗುಂಡಮ್ಮ ಏಳಲಿಲ್ಲ. ಬಂಡಿ ಕಮಲಾಪುರದ ದಾರಿ ಹಿಡಿಯಿತು. ಗಾಲಿ ತಗ್ಗಿಗೆ ಇಳಿದಾಗಲೆಲ್ಲ ಮೇಲೆ ಕೂತ ಸಾಬಮ್ಮನ ತಲೆ, ಕಡಿಮೆಗೆ ಕೇಳಿದ ಗಿರಾಕಿಗೆ ಒಲ್ಲೆನೆನ್ನುವಂತೆ, ಅತ್ತಿಂದಿತ್ತ ಅಲ್ಲಾಡುತ್ತಿತ್ತು.