ಕಂಬಳಿ ಹೊದ್ದ ಹಿಟ್ಟು

ಉಚ್ಚಿಲದ ಗುಣವತಿ ಮಸ್ಕತ್ತಿನಲ್ಲಿ ಹನ್ನೆರಡು ವರ್ಷ ಬೇರೆಯವರ ಮನೆಯಲ್ಲಿ ಅಡುಗೆ ಮಾಡಿ ಬಂದವಳು. ಬಂದವಳೇ ಹೆದ್ದಾರಿ ಬದಿಯಲ್ಲಿ ಶೀಟು ಹೊದಿಸಿ ತಿಂಡಿಯ ಅಂಗಡಿ ಇಟ್ಟಳು. ಮಳೆಗಾಲದೊಳಗೆ ವಾಪಸ್ ವಿಮಾನ ಹತ್ತುತ್ತಾಳೆ ಎಂದು ಊರು ಆಡಿಕೊಂಡಿತು. ಊರಿಗೇನು, ಮಾತಿಗೆ ಬಾಡಿಗೆ ಕೊಡಬೇಕೇ? ಮಸ್ಕತ್ತಿನ ಮೇಡಂ ಅಂತೂ ಟಿಕೆಟ್ ಕಳಿಸಲು ತುದಿಗಾಲಲ್ಲಿ ನಿಂತಿದ್ದರು. ಇವತ್ತು ಸಂಜೆಯೊಳಗೆ ಉತ್ತರ ಹೇಳಬೇಕು. ಕಟಪಾಡಿಯ ಜೆರ್ಟ್ರೂಡ್ ಬಾಯಿಯ ಮಗಳು ಆಂಜೆಲಾಳಿಗೆ ಇವತ್ತೇ ರೋಸ್, ಮದುಮಗಳಿಗೆ ತೆಂಗಿನಹಾಲು ಹಚ್ಚಿ ಮೀಯಿಸುವ ಶಾಸ್ತ್ರ; ನಾಳೆ ಮದುವೆ. ರೋಸಿನ ಊಟಕ್ಕೆ ಸಾನ್ನ, ಇಡ್ಲಿಯಂತೆ ಹಬೆಯಲ್ಲಿ ಬೇಯಿಸುವ ಮೆತ್ತನೆಯ ತಿಂಡಿ, ಗುಣವತಿಯದು, ಅವಳ ಮೊದಲ ದೊಡ್ಡ ಆರ್ಡರ್. ಗೆದ್ದರೆ ಇಲ್ಲೇ, ಸೋತರೆ ವಿಮಾನ ಎಂದು ಅವಳು ನಿಶ್ಚಯಿಸಿಯಾಗಿತ್ತು.

ಎಸಿ ಕೊರೆಯುವ ಮಸ್ಕತ್ತಿನ ಅಡುಗೆಮನೆಯಲ್ಲಿ ಹಿಟ್ಟು ಉಬ್ಬಬೇಕಾದರೆ ಧಾರಾಳ ಯೀಸ್ಟ್ ಹಾಕಿ ಕಂಬಳಿ ಹೊದಿಸಬೇಕಿತ್ತು. ಕೈಗೆ ಅದೇ ಅಭ್ಯಾಸ. ಏಪ್ರಿಲ್ ಸೆಕೆಯಲ್ಲಿ, ಅದೂ ಉಚ್ಚಿಲದಲ್ಲಿ, ಪುಣ್ಯಾತ್ಗಿತ್ತಿ ನಿನ್ನೆ ರಾತ್ರಿ ಸಾನ್ನದ ಹಿಟ್ಟಿಗೆ ಯೀಸ್ಟ್ ಹಾಕಿ ಕಂಬಳಿ ಹೊದಿಸಿ ಮಲಗಿದಳು! ಬೆಳಿಗ್ಗೆ ಪಾತ್ರೆ ಅರ್ಧ ಖಾಲಿ, ಕಂಬಳಿ ತುಂಬ ಹಿಟ್ಟು, ಮನೆಯೆಲ್ಲ ಹುಳಿ ನಾತ. ಗುಣವತಿ ಅತ್ತಳು, ಗಟ್ಟಿಯಾಗಿಯೇ ಅತ್ತಳು. ಆಮೇಲೆ ಮುಖ ತೊಳೆದು, ಅಂಗಡಿಗೆಂದು ನೆನೆಸಿಟ್ಟಿದ್ದ ಅಕ್ಕಿ, ಉದ್ದನ್ನು ಗ್ರೈಂಡರಿಗೆ ಸುರಿದು ಅಣ್ಣ ಬೂಬನ ಮನೆಗೆ ಓಡಿದಳು.

ಬೂಬ ಶೇಂದಿ ಇಳಿಸುವವನು. ಅಪ್ಪನದೂ ಅದೇ ಕೆಲಸವಾಗಿತ್ತು. ಮಸ್ಕತ್ತಿನಲ್ಲಿ ಮಾತ್ರ ಗುಣವತಿ ಎಲ್ಲರಿಗೂ ತಮ್ಮದು ತೆಂಗಿನಕಾಯಿ ವ್ಯಾಪಾರ ಎಂದಿದ್ದಳು. ನಿಜ ಹೇಳಲು ಅವಳಿಗೆ ನಾಚಿಕೆಯಾಗಿತ್ತು.

"ಎಂತ ಮಾರಾಯ್ತಿ, ಶೇಂದಿ ಇಳಿಸುವವರ ಮನೆಯ ಹುಡುಗಿ ಯೀಸ್ಟ್ ಹಾಕಿದ್ದಾ?" ಬೂಬ ಬಿದ್ದು ಬಿದ್ದು ನಕ್ಕ. "ಈಗಷ್ಟೇ ಇಳಿಸಿದ್ದು ಉಂಟು, ತೆಗೆದುಕೊಂಡು ಹೋಗು."

ಶೇಂದಿ ಬೆರೆಸಿದ ಹಿಟ್ಟು ಮಧ್ಯಾಹ್ನ ಕಳೆಯುವುದರೊಳಗೆ ಹದವಾಗಿ ಉಬ್ಬಿತು. ತೊಳೆದ ಕಂಬಳಿ ಹಿತ್ತಿಲಲ್ಲಿ ಒಣಗುತ್ತಿತ್ತು.

ಸಾನ್ನ ಬೇಯಿಸಿ ಸಂಜೆಗೆ ಕಟಪಾಡಿಗೆ ಒಯ್ದಾಗ ಜೆರ್ಟ್ರೂಡ್ ಬಾಯಿ ಒಂದನ್ನು ಮುರಿದು ಮೂಸಿ ನೋಡಿದರು.

"ಇದಕ್ಕೆ ಎಂತ ಹಾಕಿದ್ದು?"

"ಶೇಂದಿ. ನನ್ನ ಅಣ್ಣನೇ ಇಳಿಸಿದ್ದು."

ಜೆರ್ಟ್ರೂಡ್ ಬಾಯಿ ಮುರಿದ ಸಾನ್ನವನ್ನು ತಿಂದು ಮುಗಿಸಿ, ಇನ್ನೊಂದಕ್ಕೆ ಕೈ ಹಾಕಿದರು. "ಪೇಟೆಯ ಸಾನ್ನಕ್ಕೆ ಈ ಪರಿಮಳ ಇಲ್ಲ. ನಾಳೆ ಮದುವೆಗೂ ನೀನೇ ಮಾಡಬೇಕು, ಆಗ್ತದೆ ಅಲ್ವಾ?"

ಗುಣವತಿ ಆಗಲಿ ಎನ್ನುವಷ್ಟರಲ್ಲಿ ಫೋನ್ ಬಂತು, ಮಸ್ಕತ್ತಿನಿಂದ.

"ಟಿಕೆಟ್ ಬೇಡ ಮೇಡಂ," ಎಂದಳು. "ಮತ್ತೆ, ನಮ್ಮದು ತೆಂಗಿನಕಾಯಿ ವ್ಯಾಪಾರ ಅಲ್ಲ, ಶೇಂದಿ ಇಳಿಸುವ ಮನೆ. ನಾಳೆಗೆ ಅಕ್ಕಿ ನೆನೆಹಾಕಲಿಕ್ಕೆ ಉಂಟು, ಫೋನ್ ಇಡ್ತೇನೆ."